ಸರಪಳಿಯ ಫ್ರೆಂಚ್ ಜೇಬುಗಡಿಯಾರ: ಕೆಲವು ವರ್ಷಗಳ ಬಳಕೆಯ ನಂತರ

ಹದಿನೆಂಟನೆಯ ಶತಮಾನದ ಕೊನೆಯ ಭಾಗದ, ಬೆಳ್ಳಿಯ ಕವಚವಿರುವ ಫ್ರೆಂಚ್ ಜೇಬುಗಡಿಯಾರವೊಂದು ಕೆಲವು ವರ್ಷಗಳಿಂದ ನನ್ನ ಬಳಿ ಇದೆ. ಅದನ್ನು ಕಪಾಟಿನಲ್ಲಿ ಮುಚ್ಚಿಡದೆ ಆಗಾಗ ಕೀ ಕೊಟ್ಟು ನಡೆಸುತ್ತಿದ್ದೇನೆ. ಕೊಳ್ಳುವ ಯೋಚನೆಯಲ್ಲಿರುವವರಿಗೆ ಮೊದಲೇ ಹೇಳಬೇಕಾದದ್ದೆಂದರೆ, ಕರಾರುವಾಕ್ಕಾದ ಸಮಯಕ್ಕಾಗಿ ಇದನ್ನು ನಂಬಿ ಫಲವಿಲ್ಲ, ದಿನಕ್ಕೆ ಕೆಲವು ನಿಮಿಷಗಳ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಸಮಯವನ್ನು ಹಿಡಿತಕ್ಕೆ ತರಲು ಹಿಂದಿನ ಕುಶಲಕರ್ಮಿಗಳು ಏನೇನು ಮಾಡಿದರೆಂಬುದನ್ನು ಕಣ್ಣಾರೆ ನೋಡುವ ಆಸೆಯಿದ್ದವರಿಗೆ ಮಾತ್ರ ಕೊಟ್ಟ ಹಣ ಸಾರ್ಥಕ.

ಚಕ್ರಗಳನ್ನು ಒಮ್ಮೆಲೇ ಓಡಗೊಡದೆ ತಡೆತಡೆದು ಬಿಡುವ ಭಾಗವೇ ಎಸ್ಕೇಪ್‌ಮೆಂಟ್; ಇದರಲ್ಲಿರುವುದು ವರ್ಜ್ ಎಂಬ ಬಗೆಯ ಎಸ್ಕೇಪ್‌ಮೆಂಟ್. ಹಲ್ಲುಗಳು ಮೇಲ್ಮುಖವಾಗಿರುವ ಚಕ್ರವೊಂದು ಅತ್ತಿತ್ತ ತೂಗುತ್ತ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರದ ದಂಡದ ಮೇಲಿನ ಎರಡು ಪುಟ್ಟ ತಗಡುಗಳನ್ನು ಸರದಿಯಂತೆ ತಳ್ಳುತ್ತದೆ, ಪ್ರತಿ ಬಡಿತಕ್ಕೂ ಒಂದಿಷ್ಟು ಹಿಂದಕ್ಕೆ ಜರುಗುತ್ತದೆ. ಕೀ ಕೊಟ್ಟಾಗ ಬಿಗಿಯುವ ಮುಖ್ಯ ಸ್ಪ್ರಿಂಗಿನ ಬಲ ಹೆಚ್ಚಿದ್ದಾಗ ಇಂಥ ಗಡಿಯಾರ ಮುಂದೆ ಓಡುತ್ತದೆ, ಬಲ ಕುಂದಿದಾಗ ಹಿಂದೆ ಬೀಳುತ್ತದೆ. ಈ ದೋಷಕ್ಕೆ ಕಂಡುಕೊಂಡ ಪರಿಹಾರವೇ ಫ್ಯೂಸಿ ಎಂಬ ಶಂಕುವಿನಾಕಾರದ ರಾಟೆ. ಅದರ ಸುರುಳಿಯಾಕಾರದ ತೋಡಿನಲ್ಲಿ ಸುತ್ತಿಕೊಂಡ ಉಕ್ಕಿನ ಸರಪಳಿಯ ಕೊಂಡಿಗಳು ಸೈಕಲ್ ಚೈನಿನ ಕೊಂಡಿಗಳಂತೆಯೇ ಇದ್ದರೂ, ಅವುಗಳ ರಿವೆಟ್ಟುಗಳನ್ನು ನೋಡಲು ಭೂತಗನ್ನಡಿ ಬೇಕು. ಪೂರ್ತಿ ಕೀ ಕೊಟ್ಟಾಗ ಬಲವಾದ ಸ್ಪ್ರಿಂಗು ಶಂಕುವಿನ ಕಿರಿದಾದ ತುದಿಯನ್ನು ಎಳೆಯುತ್ತದೆ, ಸಡಿಲವಾಗುತ್ತ ಹೋದಂತೆ ಅಗಲವಾದ ತುದಿಯನ್ನು ಎಳೆಯುತ್ತದೆ; ಹೀಗಾಗಿ ಚಕ್ರಗಳಿಗೆ ತಲುಪುವ ಬಲ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇಷ್ಟು ಸರಳವಾದ ಜಾಣ್ಮೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ.

ಬ್ಯಾಲೆನ್ಸ್ ಚಕ್ರದ ತೂಗಾಟವನ್ನು ಹದದಲ್ಲಿಡಲು ಅದಕ್ಕೆ ಬೇರೊಂದು ಪುಟ್ಟ ಸುರುಳಿ ಸ್ಪ್ರಿಂಗನ್ನು ಜೋಡಿಸುವ ವಿಧಾನವನ್ನು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1675ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದನು, ಅದನ್ನು ತಯಾರಿಸಿಕೊಟ್ಟವನು ಗಡಿಯಾರ ತಯಾರಕ ಐಸಾಕ್ ತ್ಯುರೆ. ಅದಕ್ಕೂ ಮೊದಲಿನ ಜೇಬುಗಡಿಯಾರಗಳಲ್ಲಿ ಸಾಮಾನ್ಯವಾಗಿ ಗಂಟೆಯ ಮುಳ್ಳೊಂದೇ ಇರುತ್ತಿತ್ತು.

ಹಿಂಬದಿಯನ್ನು ತೆರೆದರೆ ಫ್ರೆಂಚ್ ಕೆಲಸದ ಗುರುತು ತಕ್ಷಣ ಸಿಗುತ್ತದೆ. ಬ್ಯಾಲೆನ್ಸ್ ಚಕ್ರದ ಮೇಲಿನ ಜಾಲಂಧ್ರದಂತಹ ಕೆತ್ತನೆಯ ಮುಚ್ಚಳ ಇಲ್ಲಿ ಸೇತುವೆಯ ರೀತಿ ಎರಡೂ ಬದಿಯಲ್ಲಿ ಸ್ಕ್ರೂಗಳಿಂದ ಬಿಗಿದಿರುತ್ತದೆ, ಇಂಗ್ಲಿಷ್ ಗಡಿಯಾರಗಳಲ್ಲಾದರೋ ಅದಕ್ಕೆ ಒಂದೇ ಕಾಲು. ಕೀ ಕೊಡುವ ರಂಧ್ರವೂ ಹಿಂದೆ ಇರದೆ ಎನಾಮೆಲ್ ಡಯಲಿನ ಮೇಲೆಯೇ ಇದೆ. ಕೀ ಜಾರಿದರೆ ರಂಧ್ರದ ಅಂಚಿನ ಎನಾಮೆಲ್ ಚಕ್ಕೆ ಏಳುವುದರಿಂದ, ಕೊಳ್ಳುವಾಗ ಮೊದಲು ನೋಡಬೇಕಾದ ಜಾಗ ಅದೇ.

ಎರಡನೆಯದು ಹೆಸರಿನ ವಿಚಾರ. ಕೆತ್ತಿದ ಹೆಸರಿನ ಜೊತೆ ಪ್ಯಾರಿಸ್ ಎಂದಿದ್ದ ಮಾತ್ರಕ್ಕೆ ಅದು ಅಲ್ಲಿಯೇ ತಯಾರಾಯಿತೆಂದು ತಿಳಿಯಬಾರದು. ಪ್ಯಾರಿಸ್ಸಿನ ಹೆಸರಾಂತ ಗಡಿಯಾರ ತಯಾರಕ ಬ್ರೆಗೆಯ ಹೆಸರಿನ ನಕಲುಗಳು ಅವನ ಕಾಲದಲ್ಲಿಯೇ ಎಷ್ಟು ಹೆಚ್ಚಿದ್ದವೆಂದರೆ, ಅವನು ಡಯಲಿನ ಮೇಲೆ ಸುಲಭವಾಗಿ ಕಾಣದ ಗುಪ್ತ ಸಹಿಯನ್ನು ಹಾಕತೊಡಗಿದನು.

ನಿರ್ವಹಣೆಯೇ ದೊಡ್ಡ ತಲೆನೋವು. ನಮ್ಮ ಕರಾವಳಿಯ ಮಳೆಗಾಲದ ತೇವ ಉಕ್ಕಿನ ಸರಪಳಿಗೆ ಶತ್ರು, ಆದ್ದರಿಂದ ಆ ತಿಂಗಳುಗಳಲ್ಲಿ ಗಡಿಯಾರವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ರಿಪೇರಿಗೆ ಕೊಡುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಬ್ಯಾಲೆನ್ಸ್ ಚಕ್ರವನ್ನು ತೆಗೆಯುವ ಮುನ್ನ ಏನು ಮಾಡುತ್ತೀರಿ? ಮುಖ್ಯ ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸುತ್ತೇನೆಂದು ಹೇಳದವರಿಗೆ ಇದನ್ನು ಕೊಡುವಂತಿಲ್ಲ. ಬಿಗಿಯಿರುವಾಗಲೇ ಅದನ್ನು ತೆಗೆದರೆ ತಡೆಯಿಲ್ಲದ ಚಕ್ರಗಳು ಒಮ್ಮೆಲೇ ಓಡಿ ಹಲ್ಲುಗಳು ಮುರಿಯಬಹುದು, ಸರಪಳಿಯೂ ತುಂಡಾಗಬಹುದು.

ಜೇಬಿನಲ್ಲಿ ಸಲೀಸಾಗಿ ಕೂರುವ ಗಡಿಯಾರ ಬೇಕೆಂದರೆ ಇದಕ್ಕಿಂತ ಲೆಪೀನ್ ಮಾದರಿ ವಾಸಿ. ಫ್ರೆಂಚ್ ಗಡಿಯಾರ ತಯಾರಕ ಜಾನ್ ಆಂತ್ವಾನ್ ಲೆಪೀನ್ 1760ರ ದಶಕದಲ್ಲಿ ಫ್ಯೂಸಿಯನ್ನೂ ಸರಪಳಿಯನ್ನೂ ಕೈಬಿಟ್ಟು, ಮೇಲಿನ ಇಡೀ ತಗಡಿನ ಬದಲು ಬಿಡಿಬಿಡಿ ಪಟ್ಟಿಗಳನ್ನು ಬಳಸಿ ಯಂತ್ರವನ್ನು ತೆಳ್ಳಗಾಗಿಸಿದನು. ಆ ದಾರಿಯಲ್ಲೇ ಬಂದ ಹತ್ತೊಂಬತ್ತನೆಯ ಶತಮಾನದ, ವರ್ಜ್ ಬದಲು ಸಿಲಿಂಡರ್ ಎಂಬ ಬಗೆಯ ಎಸ್ಕೇಪ್‌ಮೆಂಟ್ ಇರುವ ಗಡಿಯಾರಗಳು ಹೆಚ್ಚಾಗಿ ಅಗ್ಗದಲ್ಲಿಯೂ ಸಿಗುತ್ತವೆ.