ಎಲೆಗೆ ಗೆರೆ ಎಳೆಯುವ ಟೂಲ್‌ಗಳು: ನಾಲ್ಕು ವರ್ಷ ಬಳಸಿದ ಮೇಲೆ

ನಾಲ್ಕು ವರ್ಷದಿಂದ ಗಿಡಗಳ ಫೋಟೋಗಳಿಗೆ ಅನೋಟೇಶನ್ ಮಾಡುತ್ತಿದ್ದೇನೆ. ಫೋಟೋದಲ್ಲಿ ಎಲೆ ಎಲ್ಲಿದೆ, ರೋಗದ ಚುಕ್ಕೆ ಎಲ್ಲಿದೆ, ತೊಟ್ಟು ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆದು ಹೆಸರು ಕೊಡುವ ಕೆಲಸ. ಆಮೇಲೆ ಅದನ್ನೇ ನೋಡಿ ಕಂಪ್ಯೂಟರ್ ಕಲಿಯುತ್ತದೆ. ನಾವು ಮೂರು ಜನ ಇದ್ದೇವೆ. ಇಲ್ಲಿಯವರೆಗೆ ಸುಮಾರು 6,000 ಫೋಟೋ ಮುಗಿಸಿದ್ದೇವೆ. ಅದರಲ್ಲಿ ಹೆಚ್ಚುಕಡಿಮೆ 2,000 ಫೋಟೋಗಳನ್ನು ಎರಡನೇ ಸಲ ಮಾಡಬೇಕಾಯಿತು. ಈ ವಿಮರ್ಶೆ ಬರೆಯಲು ಆ 2,000 ಫೋಟೋಗಳೇ ಕಾರಣ.

ಟೂಲ್ ಆರಿಸುವಾಗ ಎಲ್ಲರೂ ಮೊದಲು ಕೇಳುವುದು, ಇದರಲ್ಲಿ ಎಷ್ಟು ಬೇಗ ಗೆರೆ ಎಳೆಯಬಹುದು ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ನಾನು ಕೇಳುವುದೇ ಬೇರೆ. ಆರು ತಿಂಗಳಾದ ಮೇಲೆ ಅದೇ ಎಲೆಯನ್ನು ತೆರೆದು, ಯಾರು ಯಾಕೆ ಹೀಗೆ ಎಳೆದರು ಎಂದು ತಿಳಿದು, ತಿದ್ದುವುದು ಎಷ್ಟು ಸುಲಭ? ಕೆಳಗೆ ಬರೆದಿರುವುದೆಲ್ಲ ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು.

ಇಷ್ಟೆಲ್ಲ ಕಷ್ಟ ಯಾಕೆ, ಫೋಟೋಗೆ ಒಂದು ರೋಗದ ಹೆಸರು ಹಚ್ಚಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಪ್ಲಾಂಟ್‌ವಿಲೇಜ್ ಫೋಟೋಗಳ ಕಥೆ ಹೇಳುತ್ತೇನೆ. 14 ಬೆಳೆಗಳ, 26 ರೋಗಗಳ 54,306 ಫೋಟೋಗಳ ಸಂಗ್ರಹ ಅದು. ಪ್ರತಿ ಫೋಟೋಗೂ ಒಂದು ಹೆಸರು ಮಾತ್ರ. 2016ರಲ್ಲಿ ಬಂದ ಪ್ರಬಂಧದಲ್ಲಿ ಇವುಗಳಿಂದ ಕಲಿತ ಮಾಡೆಲ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ, ಅದೇ ಸಂಗ್ರಹದ ಪರೀಕ್ಷೆಯಲ್ಲಿ 99.35% ಸರಿ ಹೇಳಿತು. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ ಅದು ಶೇಕಡಾ 31 ಚಿಲ್ಲರೆಗೆ ಇಳಿಯಿತು. ಸಂಗ್ರಹದ ಫೋಟೋಗಳೆಲ್ಲ ಒಂದೇ ಬಗೆಯ ಹಿನ್ನೆಲೆಯ ಮೇಲೆ ಒಂದೊಂದು ಎಲೆ ಇಟ್ಟು ತೆಗೆದವು. ಬಯಲಿನಲ್ಲಿ ನಿಂತ ಗಿಡ ಹಾಗೆ ಇರುವುದಿಲ್ಲ ಅಲ್ವಾ? ಎಲೆಯ ಹಿಂದೆ ಎಲೆ, ಅದರ ಮೇಲೆ ನೆರಳು, ಕೆಳಗೆ ಮಣ್ಣು. ಅಂಥ ಫೋಟೋದಲ್ಲಿ ಯಾವುದು ಎಲೆ, ಯಾವುದು ಚುಕ್ಕೆ ಎಂದು ತೋರಿಸಿಕೊಡಲೇಬೇಕು.

ನಾವು ಶುರು ಮಾಡಿದ್ದು ಲೇಬಲ್‌ಇಮೇಜ್‌ನಿಂದ. ಬಾಕ್ಸ್, ಅಂದರೆ ವಸ್ತುವಿನ ಸುತ್ತ ಆಯತದ ಚೌಕಟ್ಟು, ಎಳೆಯಲು ಇಷ್ಟು ಹಗುರವಾದ ಟೂಲ್ ಇನ್ನೊಂದನ್ನು ನಾನು ಕಂಡಿಲ್ಲ. ಡಬ್ಲ್ಯೂ ಒತ್ತಿದರೆ ಬಾಕ್ಸ್, ಡಿ ಒತ್ತಿದರೆ ಮುಂದಿನ ಫೋಟೋ, ಎ ಒತ್ತಿದರೆ ಹಿಂದಿನದು. ಅರ್ಧ ಗಂಟೆಯಲ್ಲಿ ಕೈ ಕುದುರುತ್ತದೆ. ತೆನೆ, ಕಾಯಿ, ಹೂವು ಎಣಿಸುವುದಷ್ಟೇ ಗುರಿಯಾದರೆ ಬಾಕ್ಸ್ ಧಾರಾಳವಾಗಿ ಸಾಕು. ಗೋಧಿ ತೆನೆಗಳ ಗ್ಲೋಬಲ್ ವೀಟ್ ಹೆಡ್ ಸಂಗ್ರಹ 2020ರಲ್ಲಿ ಬಂದಾಗ ಅದರಲ್ಲಿ ಸುಮಾರು 4,700 ಫೋಟೋ, 1,90,000 ತೆನೆ ಇದ್ದವು. ಎಲ್ಲವೂ ಬಾಕ್ಸ್‌ಗಳೇ.

ಎಲೆಗೆ ಬಾಕ್ಸ್ ಹೊಂದುವುದಿಲ್ಲ. ಹುಲ್ಲಿನಂಥ ಉದ್ದ ಎಲೆ ಓರೆಯಾಗಿ ಬಾಗಿದ್ದರೆ ಬಾಕ್ಸ್ ತುಂಬ ಮಣ್ಣೇ ಇರುತ್ತದೆ. ನಾವು ಅದನ್ನು ಹೇಗೋ ಸಹಿಸಿಕೊಂಡೆವು. ನಿಜವಾದ ಪೆಟ್ಟು ಬಿದ್ದದ್ದು ಹೆಸರಿನ ಪಟ್ಟಿಯಲ್ಲಿ. ಯೋಲೋ ಎಂಬ, ವಸ್ತು ಗುರುತಿಸುವ ಮಾಡೆಲ್‌ಗಳು ಓದುವ ಫೈಲ್ ಮಾದರಿಯಲ್ಲಿ ಸೇವ್ ಮಾಡಿದರೆ ಫೈಲ್‌ನಲ್ಲಿ 'ಎಲೆ', 'ಚುಕ್ಕೆ' ಎಂಬ ಹೆಸರು ಇರುವುದಿಲ್ಲ. 0, 1, 2 ಎಂಬ ಅಂಕಿ ಮಾತ್ರ ಇರುತ್ತದೆ. ಯಾವ ಅಂಕಿ ಯಾವ ಹೆಸರು ಎನ್ನುವುದು ಬೇರೆ ಫೈಲ್‌ನಲ್ಲಿ. ಕೆಲಸದ ನಡುವೆ ಪಟ್ಟಿ ಬದಲಿಸಬೇಡಿ, ಹಳೆಯ ಫೈಲ್‌ಗಳು ತಾವಾಗಿ ಬದಲಾಗುವುದಿಲ್ಲ ಎಂದು ಟೂಲ್‌ನ ವಿವರಣೆಯಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ನಾವು ಅದನ್ನು ಓದದೆ ಪಟ್ಟಿಯ ಮಧ್ಯದಲ್ಲಿ ಒಂದು ಹೊಸ ಹೆಸರು ಸೇರಿಸಿದೆವು. ಅಂದಿನಿಂದ ಹಳೆಯ ಫೋಟೋಗಳಲ್ಲಿ ಚುಕ್ಕೆಗಳೆಲ್ಲ ತೊಟ್ಟುಗಳಾದವು. ಗೊತ್ತಾಗಿದ್ದು ಎರಡು ತಿಂಗಳ ನಂತರ. ಆ 2,000 ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯವು. ಹೊಸ ಹೆಸರು ಬೇಕಾದರೆ ಪಟ್ಟಿಯ ಕೊನೆಗೆ ಸೇರಿಸಿ, ಮಧ್ಯದಲ್ಲಿ ಬೇಡ. ಅಂದ ಹಾಗೆ, ಲೇಬಲ್‌ಇಮೇಜ್‌ಗೆ ಈಗ ಹೊಸ ಕೆಲಸ ನಡೆಯುತ್ತಿಲ್ಲ. ಅದನ್ನು ಲೇಬಲ್ ಸ್ಟುಡಿಯೋ ಎಂಬ ಇನ್ನೊಂದು ಟೂಲ್‌ನ ಬಳಗದವರಿಗೆ ವಹಿಸಲಾಗಿದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜಿಜಿ ಎಂಬ ಸಂಶೋಧನಾ ತಂಡದ ವಿಐಎ ಟೂಲ್ ನನಗೆ ಇವತ್ತಿಗೂ ತುಂಬಾ ಇಷ್ಟ. ಇಡೀ ಟೂಲ್ ಒಂದೇ ಎಚ್‌ಟಿಎಂಎಲ್ ಫೈಲ್, 400 ಕೆಬಿಗಿಂತ ಕಡಿಮೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬ್ರೌಸರ್‌ನಲ್ಲಿ ತೆರೆದರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಪಾಲಿಗನ್ (ಅಂಚಿನುದ್ದಕ್ಕೂ ಬಿಂದು ಇಟ್ಟು ಎಳೆಯುವ ಆಕಾರ), ವೃತ್ತ, ಬಿಂದು ಎಲ್ಲ ಇವೆ. ಸಂಶಯವಿದ್ದರೆ ಗುರುತು ಹಾಕಿಕೊಳ್ಳಲು ನಮ್ಮದೇ ಕಾಲಂ ಸೇರಿಸಬಹುದು. ಆದರೆ ಕೆಲಸವೆಲ್ಲ ಬ್ರೌಸರ್‌ನ ನೆನಪಿನಲ್ಲಿ ಇರುತ್ತದೆ. ಪ್ರಾಜೆಕ್ಟ್ ಸೇವ್ ಮಾಡದೆ ಟ್ಯಾಬ್ ಮುಚ್ಚಿದರೆ ಅಷ್ಟೂ ಹೋಯಿತು. ಒಬ್ಬರೇ ಕೂತು 100 ಫೋಟೋ ಮುಗಿಸುವ ಕೆಲಸಕ್ಕೆ ಇದಕ್ಕಿಂತ ಚೆನ್ನಾದದ್ದು ಬೇಡ. ಹತ್ತು ಹತ್ತು ನಿಮಿಷಕ್ಕೆ ಸೇವ್ ಮಾಡುತ್ತಿರಿ, ಅಷ್ಟೆ.

ಲೇಬಲ್‌ಮಿ ಪಾಲಿಗನ್‌ಗೆ ಒಳ್ಳೆಯದು. ಒಂದು ಫೋಟೋಗೆ ಒಂದು ಜೇಸನ್ ಫೈಲ್ (ಮಾಹಿತಿ ಬರೆದಿಡುವ ಪಠ್ಯದ ಫೈಲ್), ಹೆಸರು ಹೆಸರಾಗಿಯೇ ಇರುತ್ತದೆ. ಹಾಗಾಗಿ ಅಂಕಿಯ ಗೊಂದಲ ಇಲ್ಲ. ಒಂದು ಮಾತು ಮಾತ್ರ: ಫೋಟೋವನ್ನೂ ಜೇಸನ್ ಒಳಗೇ ತುಂಬಿಸುವ ಆಯ್ಕೆ ಇದೆ. ಅದು ಆನ್ ಆಗಿದ್ದರೆ ಫೋಲ್ಡರ್ ಎರಡು ಪಟ್ಟಿಗೂ ಮೀರಿ ಊದಿಕೊಳ್ಳುತ್ತದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿಕೊಳ್ಳಿ.

ಈಗ ಎರಡೂವರೆ ವರ್ಷದಿಂದ ನಮ್ಮ ಮುಖ್ಯ ಟೂಲ್ ಸಿವಿಎಟಿ. 2018ರಲ್ಲಿ ಇಂಟೆಲ್ ಇದನ್ನು ಓಪನ್ ಸೋರ್ಸ್ ಆಗಿ, ಅಂದರೆ ಕೋಡ್ ಎಲ್ಲರಿಗೂ ಸಿಗುವ ಹಾಗೆ, ಹೊರಗೆ ಬಿಟ್ಟಿತು. 2022ರಲ್ಲಿ ಅದು ಬೇರೆ ಕಂಪನಿಯಾಯಿತು. ಓಪನ್ ಸೋರ್ಸ್ ಆವೃತ್ತಿಗೆ ಎಂಐಟಿ ಲೈಸೆನ್ಸ್ ಇದೆ, ಅಂದರೆ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಅದನ್ನು ನಮ್ಮದೇ ಯಂತ್ರದಲ್ಲಿ ಡಾಕರ್ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದುದೆಲ್ಲವನ್ನೂ ಒಂದೇ ಕಟ್ಟಾಗಿ ನಡೆಸುವ ಸಾಫ್ಟ್‌ವೇರ್) ಮೂಲಕ ನಡೆಸುತ್ತೇವೆ. ಶುರುವಿನ ದಿನ ಕಷ್ಟವೇ. ಡಾಕರ್ ಗೊತ್ತಿಲ್ಲದವರಿಗೆ ಒಂದು ದಿನ ಪೂರ್ತಿ ಹಿಡಿಯಬಹುದು. ಆಮೇಲೆ ಮಾತ್ರ ಆ ಒಂದು ದಿನಕ್ಕೆ ತಕ್ಕ ಬೆಲೆ ಸಿಕ್ಕಿದೆ.

ಗಿಡದ ಫೋಟೋಗೆ ಇದು ಯಾಕೆ ಹೊಂದುತ್ತದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯದು, ಎಲೆ ಮೇಲೆ ಎಲೆ. ಇದರಲ್ಲಿ ಆಕಾರಗಳಿಗೆ ಪದರ ಇದೆ. ಯಾವ ಎಲೆ ಮೇಲಿದೆ, ಯಾವುದು ಕೆಳಗಿದೆ ಎಂದು ಹೇಳಬಹುದು. ಅರ್ಧ ಮರೆಯಾದ ಎಲೆಗೆ 'ಮರೆಯಾಗಿದೆ' ಎಂಬ ಗುರುತು ಹಾಕಬಹುದು. ಪಕ್ಕದ ಎಲೆಯ ಅಂಚನ್ನೇ ಹಿಡಿದು ಹೊಸ ಪಾಲಿಗನ್ ಎಳೆಯುವ ಸೌಲಭ್ಯವಿದೆ. ಇಲ್ಲದಿದ್ದರೆ ಎರಡು ಎಲೆಗಳ ನಡುವೆ ಯಾರಿಗೂ ಸೇರದ ಸಣ್ಣ ಸಂದು ಉಳಿಯುತ್ತದೆ. ಮುಂದೆ ಒಂದು ದೇಟು ಅಡ್ಡ ಬಂದು ಹಿಂದಿನ ಎಲೆ ಎರಡು ತುಂಡಾಗಿ ಕಂಡರೆ, ಎರಡೂ ತುಂಡುಗಳನ್ನು ಗುಂಪು ಮಾಡಿ ಒಂದೇ ಎಲೆ ಎಂದು ಹೇಳಬಹುದು.

ಹುಳು ತಿಂದ ತೂತಿನ ವಿಷಯಕ್ಕೆ ನಾವು ತುಂಬಾ ತಲೆ ಕೆಡಿಸಿಕೊಂಡಿದ್ದೇವೆ. ಪಾಲಿಗನ್ ಎಂದರೆ ಹೊರಗಿನ ಅಂಚು ಮಾತ್ರ, ಒಳಗೆ ತೂತು ಕೊರೆಯಲು ಬರುವುದಿಲ್ಲ. ಎಲೆಯ ಎಷ್ಟು ಭಾಗ ಹುಳು ತಿಂದಿದೆ ಎಂದು ಅಳೆಯಬೇಕಾದರೆ ಪಾಲಿಗನ್ ಸುಳ್ಳು ಲೆಕ್ಕ ಕೊಡುತ್ತದೆ. ಅಲ್ಲಿ ಬ್ರಷ್‌ನಿಂದ ಮಾಸ್ಕ್, ಅಂದರೆ ಎಲೆಗೆ ಸೇರಿದ ಪ್ರತಿ ಪಿಕ್ಸೆಲ್ ತೋರಿಸುವ ಬಣ್ಣ, ಬಳಿದು ತೂತನ್ನು ಅಳಿಸಬೇಕು. ಸಿವಿಎಟಿಯಲ್ಲಿ ಬ್ರಷ್ಷೂ ಇದೆ, ರಬ್ಬರೂ ಇದೆ.

ಆದರೆ ನಾನು ಇದನ್ನು ಬಿಡದಿರಲು ಕಾರಣ ಇವು ಯಾವುವೂ ಅಲ್ಲ. ಇಲ್ಲಿ ಪ್ರತಿ ಕೆಲಸಕ್ಕೂ ಮೂರು ಹಂತ ಇವೆ: ಗೆರೆ ಎಳೆಯುವುದು, ಪರಿಶೀಲಿಸುವುದು, ಒಪ್ಪುವುದು. ಪರಿಶೀಲಿಸುವವರು ಎಲೆಯ ಮೇಲೆಯೇ ಒಂದು ಇಷ್ಯೂ (ತಕರಾರಿನ ಟಿಪ್ಪಣಿ) ತೆರೆದು, 'ಇದು ಚುಕ್ಕೆಯಲ್ಲ, ನೀರಿನ ಹನಿ' ಎಂದು ಬರೆಯಬಹುದು. ಎಳೆದವರು ಅಲ್ಲೇ ಉತ್ತರ ಕೊಡಬಹುದು. ಮೊದಲು ನಾವು ಇದನ್ನೆಲ್ಲ ಮೊಬೈಲ್ ಮೆಸೇಜ್‌ಗಳಲ್ಲಿ ಚರ್ಚಿಸುತ್ತಿದ್ದೆವು. ಯಾವ ಫೋಟೋ, ಯಾವ ಎಲೆ ಎಂದು ಹೇಳುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ನಾವು ಮೂವರೂ ಒಂದೇ 50 ಫೋಟೋ ಮಾಡಿ ಹೋಲಿಸಿದಾಗ, ಎಲೆಯ ಅಂಚಿನಲ್ಲಿ ತಕರಾರೇ ಇರಲಿಲ್ಲ. ತೊಟ್ಟು ಎಲೆಗೆ ಸೇರಿತೋ ಇಲ್ಲವೋ, ಹಳದಿ ಅಂಚು ಚುಕ್ಕೆಗೆ ಸೇರಿತೋ ಇಲ್ಲವೋ ಎನ್ನುವಲ್ಲಿ ಮೂವರದೂ ಮೂರು ದಾರಿ. ಯಾವ ಟೂಲೂ ಇದನ್ನು ತಾನಾಗಿ ಬಗೆಹರಿಸುವುದಿಲ್ಲ. ಆದರೆ ಭಿನ್ನಾಭಿಪ್ರಾಯವನ್ನು ಅದು ಹುಟ್ಟಿದ ಜಾಗದಲ್ಲೇ ಬರೆದಿಡಲು ಬಿಡುವ ಟೂಲ್ ಬೇಕು.

ಕುಂದುಗಳೂ ಇವೆ. ದೊಡ್ಡ ಫೋಟೋದಲ್ಲಿ ನೂರಾರು ಪಾಲಿಗನ್ ಇದ್ದರೆ ಬ್ರೌಸರ್ ನಿಧಾನವಾಗುತ್ತದೆ. ಅಪ್‌ಡೇಟ್ ಮಾಡುವಾಗ ಪ್ರತಿ ಸಲವೂ ಭಯವೇ. ಡಾಕರ್ ನಿಲ್ಲಿಸುವ ಆಜ್ಞೆಯ ಜೊತೆ ವಾಲ್ಯೂಮ್ (ಡೇಟಾ ಇರುವ ಜಾಗ) ಅಳಿಸುವ ಆಯ್ಕೆ ಸೇರಿಸಿದರೆ ಡೇಟಾ ಎಲ್ಲ ಹೋಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ಪ್ರಾಜೆಕ್ಟ್ ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿ ಇಡುತ್ತೇವೆ. ಜೊತೆಗೆ ಸಿವಿಎಟಿಯದೇ ಎಕ್ಸ್‌ಎಂಎಲ್ ಫೈಲ್ ಮಾದರಿಯಲ್ಲೂ ಎಕ್ಸ್‌ಪೋರ್ಟ್ ಮಾಡುತ್ತೇವೆ. ಅದರಲ್ಲಿ ಪದರ, ಮರೆಯ ಗುರುತು ಎರಡೂ ಉಳಿಯುತ್ತವೆ. ಯೋಲೋಗೆ ಹೋದರೆ ಉಳಿಯುವುದಿಲ್ಲ.

ಲೇಬಲ್ ಸ್ಟುಡಿಯೋವನ್ನು ಆರು ತಿಂಗಳು ಬಳಸಿದೆ. ಇನ್‌ಸ್ಟಾಲ್ ಮಾಡುವುದು ಸಿವಿಎಟಿಗಿಂತ ತುಂಬಾ ಸುಲಭ. ಫೋಟೋ ಜೊತೆಗೆ ಪ್ರಶ್ನೆ, ಆಯ್ಕೆ, ಟಿಪ್ಪಣಿ ಎಲ್ಲವನ್ನೂ ಒಂದೇ ಪರದೆಯಲ್ಲಿ ನಮಗೆ ಬೇಕಾದ ಹಾಗೆ ಜೋಡಿಸಬಹುದು. ರೋಗ ಎಷ್ಟು ತೀವ್ರ ಎಂದು ಅಂಕ ಕೊಡುವ ಕೆಲಸಕ್ಕೆ ಈಗಲೂ ಇದನ್ನೇ ತೆಗೆಯುತ್ತೇನೆ. ಅದರ ಜೇಸನ್‌ನಲ್ಲಿ ಜಾಗದ ಅಳತೆ ಪಿಕ್ಸೆಲ್‌ನಲ್ಲಿ ಇರುವುದಿಲ್ಲ, ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಸ್ವಂತ ಕೋಡ್ ಬರೆಯುವವರು ಇದನ್ನು ನೆನಪಿಡಿ.

ಇನ್ನು ಸ್ಯಾಮ್, ಕ್ಲಿಕ್ ಮಾಡಿದ ವಸ್ತುವಿನ ಅಂಚನ್ನು ತಾನೇ ಹುಡುಕುವ ಮಾಡೆಲ್. 2023ರ ಏಪ್ರಿಲ್‌ನಲ್ಲಿ ಮೆಟಾ ಬಿಟ್ಟ ಈ ಮಾಡೆಲ್ 1.1 ಕೋಟಿ ಫೋಟೋ, 100 ಕೋಟಿಗೂ ಹೆಚ್ಚು ಮಾಸ್ಕ್‌ಗಳಿಂದ ಕಲಿತದ್ದು. ಅಗಲವಾದ ಒಂಟಿ ಎಲೆಯ ಮೇಲೆ ಒಂದು ಕ್ಲಿಕ್ ಮಾಡಿದರೆ ಅಂಚು ಪೂರ್ತಿ ಸಿಗುತ್ತದೆ. ಮೊದಲ ಸಲ ನೋಡಿದಾಗ ನಿಜವಾಗಿ ಖುಷಿಯಾಯಿತು. ಆದರೆ ಒಂದೇ ಹಸಿರಿನ ಎರಡು ಎಲೆ ಒಂದರ ಮೇಲೊಂದು ಬಿದ್ದಿದ್ದರೆ ಎರಡನ್ನೂ ಸೇರಿಸಿ ಒಂದು ಎಂದುಬಿಡುತ್ತದೆ. ಅಂಚು ಮಸುಕಾಗಿ ಹರಡಿದ ಚುಕ್ಕೆಯಲ್ಲಿ ಪ್ರತಿ ಕ್ಲಿಕ್‌ಗೂ ಬೇರೆ ಬೇರೆ ಉತ್ತರ. ಬಳ್ಳಿಯ ಸಣ್ಣ ಕುಡಿಗಳು ಮಾಯವೇ ಆಗುತ್ತವೆ. ಅದಕ್ಕೆ ಕಾರಣ ಇದೆ. ಈ ಮಾಡೆಲ್ ಫೋಟೋದ ಉದ್ದ ಬದಿಯನ್ನು 1024 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತದೆ. ಮಾಸ್ಕ್ ಅನ್ನು ಮೊದಲು 256 ಪಿಕ್ಸೆಲ್ ಅಳತೆಯಲ್ಲಿ ಮಾಡಿ ಆಮೇಲೆ ಹಿಗ್ಗಿಸುತ್ತದೆ. ಸಣ್ಣ ದೇಟು ಅಷ್ಟರಲ್ಲಿ ಉಳಿಯುವುದಾದರೂ ಹೇಗೆ? ದೊಡ್ಡ ಫೋಟೋವನ್ನು ತುಂಡು ಮಾಡಿಕೊಂಡರೆ ಫಲಿತಾಂಶ ಎಷ್ಟೋ ವಾಸಿ. ಸ್ಯಾಮ್ ಎಳೆದ ಎಲೆಗಳನ್ನು ನಾವು ಕೈಯಿಂದ ಎಳೆದವಕ್ಕಿಂತ ಜಾಸ್ತಿ ಎಚ್ಚರದಿಂದ ಪರಿಶೀಲಿಸುತ್ತೇವೆ. ನೋಡಲು ಚಂದ ಇರುವ ಗೆರೆಯ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಬೇರಿನ ಫೋಟೋ ಇದ್ದವರು ಇದ್ಯಾವುದನ್ನೂ ಹಿಡಿಯಬೇಡಿ. ಕೂದಲೆಳೆಯಂಥ ಬೇರಿಗೆ ಪಾಲಿಗನ್ ಎಳೆಯುವುದು ಸುಮ್ನೆ ಕಣ್ಣಿಗೆ ಶಿಕ್ಷೆ. ರೂಟ್‌ಪೇಂಟರ್ ನೋಡಿ. ಒಂದಿಷ್ಟು ಬೇರನ್ನು, ಒಂದಿಷ್ಟು ಮಣ್ಣನ್ನು ಬೇರೆ ಬೇರೆ ಬಣ್ಣದಲ್ಲಿ ಬಳಿದು ತೋರಿಸಿದರೆ ಅದು ಅಲ್ಲೇ ಕಲಿಯಲು ಶುರು ಮಾಡುತ್ತದೆ. ಮುಂದಿನ ಫೋಟೋದಲ್ಲಿ ತನ್ನ ಊಹೆ ತೋರಿಸುತ್ತದೆ. ಅದು ತಪ್ಪಿದ ಕಡೆ ಮಾತ್ರ ನಾವು ಬಳಿದರೆ ಸಾಕು. ಒಂದೊಂದೇ ಫೋಟೋ ಮುಗಿದಂತೆ ನಮ್ಮ ಕೆಲಸ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಚೆನ್ನಾಗಿ ನಡೆಯಲು ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಬೇಕು.

ಯಾವ ಟೂಲ್ ಹಿಡಿದರೂ ಒಂದು ಕೆಲಸವನ್ನು ಮೊದಲೇ ಮಾಡಿ. ಮೊಬೈಲ್‌ನಲ್ಲಿ ನಿಲುವಾಗಿ ತೆಗೆದ ಫೋಟೋ ಎಷ್ಟೋ ಸಲ ಫೈಲ್‌ನಲ್ಲಿ ಅಡ್ಡವಾಗಿಯೇ ಇರುತ್ತದೆ, ತಿರುಗಿಸಿ ತೋರಿಸು ಎಂಬ ಸೂಚನೆ ಮಾತ್ರ ಜೊತೆಗಿರುತ್ತದೆ. ಒಂದು ಟೂಲ್ ಆ ಸೂಚನೆ ಓದುತ್ತದೆ, ಇನ್ನೊಂದು ಓದುವುದಿಲ್ಲ. ಆಗ ಎಲೆ ಒಂದು ಕಡೆ, ಗೆರೆ ಇನ್ನೊಂದು ಕಡೆ. ನಮ್ಮ 2,000ದಲ್ಲಿ ಉಳಿದದ್ದು ಇದೇ. ಇಮೇಜ್‌ಮ್ಯಾಜಿಕ್ ಎಂಬ ಫೋಟೋ ತಿದ್ದುವ ಪ್ರೋಗ್ರಾಂನ ಆಟೋ ಓರಿಯೆಂಟ್ ಆಯ್ಕೆಯಿಂದ ಎಲ್ಲ ಫೋಟೋಗಳನ್ನೂ ಒಮ್ಮೆ ನಿಜವಾಗಿ ತಿರುಗಿಸಿಟ್ಟರೆ ಆ ತೊಂದರೆ ತೀರುತ್ತದೆ.

ಹೋದ ವಾರ ಮೊದಲ ವರ್ಷದ ಒಂದು ಫೋಟೋವನ್ನು ಸಿವಿಎಟಿಯಲ್ಲಿ ತೆರೆದೆ. ಎಲೆಯ ತುದಿಯ ಹತ್ತಿರ ಒಂದು ಇಷ್ಯೂ ಇನ್ನೂ ತೆರೆದೇ ಇತ್ತು: 'ಇದು ಚುಕ್ಕೆಯೋ, ಮೇಲಿನ ಎಲೆಯ ನೆರಳೋ?' ಕೆಳಗೆ ಇಬ್ಬರ ಉತ್ತರ ಇದೆ, ಇಬ್ಬರದೂ ಬೇರೆ ಬೇರೆ. ಆ ಎಲೆಯನ್ನು ಇನ್ನೂ ಒಪ್ಪಿಲ್ಲ, ಪರಿಶೀಲನೆಯ ಹಂತದಲ್ಲೇ ಇಟ್ಟಿದ್ದೇವೆ.