‘ಆದರೂ’ ಎಂಬಲ್ಲಿ ಸಿಕ್ಕಿಬಿದ್ದೆ: ಪೂರ್ವಗ್ರಹ ತಿದ್ದುವ ಒಂದು ಬರವಣಿಗೆ ಕೋರ್ಸಿನ ಬಗ್ಗೆ

ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮೊದಲ ವಾರ ಕೇಳಿದ್ದರೆ ಎರಡೇ ಕೊಡುತ್ತಿದ್ದೆ.

ಸಂಸ್ಥೆಗಳ ವಾರ್ಷಿಕ ವರದಿ, ವ್ಯಕ್ತಿಚಿತ್ರ, ಒಳಪತ್ರಿಕೆಯ ಲೇಖನ, 19 ವರ್ಷಗಳಿಂದ ಇದೇ ನನ್ನ ಹೊಟ್ಟೆಪಾಡು. ‘ನೀವು ಯಾರ ಪರವೂ ಬರೆಯುವವರಲ್ಲ’ ಅಂತ ಜನ ಹೇಳಿ ಹೇಳಿ, ನಾನೂ ಅದನ್ನು ನಂಬಿಬಿಟ್ಟಿದ್ದೆ. ಬರಹದೊಳಗಿನ ಪೂರ್ವಗ್ರಹ ಗುರುತಿಸುವುದನ್ನು ಕಲಿಸುವ ಈ ಮೂರು ವಾರದ ಆನ್‌ಲೈನ್ ಕೋರ್ಸಿಗೆ ಸೇರಿದ್ದು ಕಲಿಯಬೇಕು ಅಂತಲ್ಲ. ಕೆಲಸ ಕೊಡುವ ಸಂಪಾದಕರೊಬ್ಬರು ಸರ್ಟಿಫಿಕೇಟ್ ಕೇಳಿದರು, ಅಷ್ಟೆ.

ಇದರಲ್ಲಿ ಮೂರು ಭಾಗ. ರೆಕಾರ್ಡ್ ಮಾಡಿದ ಪಾಠಗಳು, ಪದ ಪರೀಕ್ಷಿಸುವ ಸಾಫ್ಟ್‌ವೇರ್, ಮತ್ತು ನಮ್ಮದೇ ಎರಡು ಬರಹಗಳನ್ನು ಓದಿ ಗುರುತು ಹಾಕಿಕೊಡುವ ಒಬ್ಬ ಓದುಗರು.

ಪಾಠಗಳು ಸುಮಾರು. ಒಂದು ಮಾತ್ರ ತಲೆಯಲ್ಲಿ ಉಳಿಯಿತು. ಅಮೆರಿಕದ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕಾರು ಅಪಘಾತದ ತುಣುಕುಗಳನ್ನು ತೋರಿಸಿ ‘ಕಾರುಗಳು ಎಷ್ಟು ವೇಗದಲ್ಲಿದ್ದವು’ ಅಂತ ಕೇಳುತ್ತಾರೆ. ತುಣುಕು ಎಲ್ಲರಿಗೂ ಅದೇ, ಪ್ರಶ್ನೆಯಲ್ಲಿನ ಕ್ರಿಯಾಪದ ಮಾತ್ರ ಬೇರೆ ಬೇರೆ. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ 40ಕ್ಕೂ ಹೆಚ್ಚು ಮೈಲಿ, ‘ತಾಗಿದಾಗ’ ಎಂದು ಕೇಳಿಸಿಕೊಂಡವರದು 31.8. ಒಂದೇ ಒಂದು ಕ್ರಿಯಾಪದಕ್ಕೆ ಸುಮಾರು 9 ಮೈಲಿ. ಇದನ್ನು ನೋಡಿ ‘ಸರಿ, ಅಮೆರಿಕದ ಹುಡುಗರಿಗೆ ಹಾಗಾಯಿತು’ ಅಂದುಕೊಂಡು ವಿಡಿಯೋ ಮುಂದಕ್ಕೆ ಓಡಿಸಿದೆ.

ಒಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಪಾಠಗಳಲ್ಲಿ ‘ಕೆಟ್ಟ ಬರಹ’ದ ಉದಾಹರಣೆ ಬಂದಾಗಲೆಲ್ಲ ಅದನ್ನು ಬರೆದವನು ವಯಸ್ಸಾದ ಗಂಡಸು, ತಿದ್ದುವವಳು ಚುರುಕಾದ ಹುಡುಗಿ. ಎಂಟು ಉದಾಹರಣೆಗಳಲ್ಲಿ ಏಳು ಹೀಗೆ. ಪೂರ್ವಗ್ರಹ ಕಲಿಸುವ ಪಾಠದಲ್ಲಿ! ಬರೆದು ತಿಳಿಸಿದೆ. ಥ್ಯಾಂಕ್ಸ್ ಅಂತ ಉತ್ತರ ಬಂತು, ಪಾಠಗಳು ಹಾಗೇ ಇವೆ.

ಇನ್ನು ಸಾಫ್ಟ್‌ವೇರ್. ಇದನ್ನು ಇಂಗ್ಲಿಷಿಗೆ ಮಾಡಿ ಕನ್ನಡದ ಅಂಗಿ ತೊಡಿಸಿದ್ದಾರೆ ಅನ್ನುವುದು ಹತ್ತು ನಿಮಿಷಕ್ಕೇ ಗೊತ್ತಾಗುತ್ತದೆ. ‘ಅವನು’ ಎಂದರೆ ಹೆಂಗಸರು ಬಿಟ್ಟುಹೋಗುತ್ತಾರೆ ಎಂದು ಪುಟಗಟ್ಟಲೆ ಎಚ್ಚರಿಕೆ ಕೊಡುತ್ತದೆ. ನಮ್ಮಲ್ಲಿ ‘ಅವರು’ ಇದೆಯಲ್ಲ, ಆ ಗಂಟು ಅಲ್ಲಿಗೇ ಬಿಚ್ಚಿತು. ಕನ್ನಡದ ಅಸಲಿ ಗಂಟು ಯಾರಿಗೆ ‘ಅವರು’, ಯಾರಿಗೆ ‘ಅವನು’ ಅನ್ನುವುದು. ಆ ಬಗ್ಗೆ ಇದಕ್ಕೆ ಗಂಧಗಾಳಿ ಇಲ್ಲ.

ಸಸ್ಯಗಳ ಬಗ್ಗೆ ಬರೆದ ಹಳೆಯ ಲೇಖನ ಹಾಕಿ ನೋಡಿದೆ. ‘ಹೆಣ್ಣು ಹೂವು’ ಕೆಂಪಾಯಿತು, ‘ಮಹಿಳಾ ಹೂವು’ ಎಂದು ಸಲಹೆ ಬಂತು. ನಕ್ಕೆ. ಆಮೇಲೆ ಬಂದದ್ದು ನಗುವ ವಿಷಯವಲ್ಲ. ಸಂಗೀತ ಕಲಿಸುವ ಒಬ್ಬರ ಸಂದರ್ಶನದಲ್ಲಿ ಅವರೇ ‘ನಾನು ಕುರುಡ, ಹಾಗಂತಲೇ ಬರೀರಿ’ ಅಂದಿದ್ದರು. ಸಾಫ್ಟ್‌ವೇರ್ ಅವರ ಬಾಯಿಂದ ಆ ಪದ ಕಿತ್ತು ‘ದೃಷ್ಟಿ ವಿಶೇಷಚೇತನ’ ಎಂದು ತುರುಕಿತು, ಅದೂ ಉದ್ಧರಣ ಚಿಹ್ನೆಯ ಒಳಗೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಬರವಣಿಗೆ ಕೈಪಿಡಿಯಲ್ಲಿ ಪೂರ್ವಗ್ರಹವಿಲ್ಲದ ಭಾಷೆಗೆಂದೇ ಒಂದು ಅಧ್ಯಾಯವಿದೆ (2019ರ 7ನೇ ಆವೃತ್ತಿ). ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಅದನ್ನು ಗೌರವಿಸಿ ಅನ್ನುತ್ತದೆ ಅದು. ಇದೇ ಕೋರ್ಸಿನ ಓದುವ ಪಟ್ಟಿಯಲ್ಲಿ ಆ ಕೈಪಿಡಿಯೂ ಇದೆ, ಸಾಫ್ಟ್‌ವೇರ್ ಮಾಡಿದವರು ಓದಿಲ್ಲ.

ಹಾಗೆಂದು ಪೂರ್ತಿ ದಂಡ ಅಂತಲ್ಲ. ‘ಮಹಿಳಾ ವೈದ್ಯೆ’ ಅನ್ನುವ ಎರಡೆರಡು ಸಲ ಹೆಣ್ಣಾದ ಪದ ನನ್ನ ಬರಹದಲ್ಲಿ ಮೂರು ಕಡೆ ಇತ್ತು, ಹಿಡಿದುಕೊಟ್ಟಿತು. ‘ಲೇಖಕಿ’ಯನ್ನು ‘ಲೇಖಕ’ ಮಾಡು ಅಂದಾಗ ಮಾತ್ರ ಒಪ್ಪಲಿಲ್ಲ. ಆ ‘ಕಿ’ ಬೇಕೇ ಬೇಕು ಅನ್ನುವವರನ್ನು ನಾನು ಬಲ್ಲೆ.

ಮೂರನೆಯ ವಾರ ಎರಡು ಬರಹ ಕಳಿಸಿದೆ. ಒಂದು, ಕಾರ್ಖಾನೆಯೊಂದರಲ್ಲಿ ಪಾಳಿ ಬದಲಾಯಿಸಿದಾಗ ನಡೆದದ್ದರ ವರದಿ. ಇನ್ನೊಂದು, ಅದೇ ಕಾರ್ಖಾನೆಯ ಹಿರಿಯ ಕೆಲಸಗಾರರೊಬ್ಬರ ವ್ಯಕ್ತಿಚಿತ್ರ. ಕಳಿಸುವ ಮುಂಚೆ ಎರಡನ್ನೂ ಸಾಫ್ಟ್‌ವೇರಿಗೆ ಹಾಕಿದೆ. ಎರಡೂ ಹಸಿರು, ಒಂದೇ ಒಂದು ಕೆಂಪು ಗುರುತಿಲ್ಲ. ಬೀಗುತ್ತಾ ಕಳಿಸಿದೆ.

ಆರು ದಿನ ಬಿಟ್ಟು ವಾಪಸ್ ಬಂದಾಗ ಒಟ್ಟು 37 ಗುರುತು.

ವ್ಯಕ್ತಿಚಿತ್ರದ ಮೊದಲ ಸಾಲು: ‘ಬಡ ಕುಟುಂಬದಿಂದ ಬಂದವರಾದರೂ ಅತ್ಯಂತ ಪ್ರಾಮಾಣಿಕರು.’ ನನಗೆ ಹೆಮ್ಮೆಯ ಸಾಲು ಅದು. ಓದುಗರು ಇಡೀ ಸಾಲು ಬಿಟ್ಟು ಒಂದೇ ಅಕ್ಷರಕ್ಕೆ ಸುತ್ತು ಹಾಕಿದ್ದರು, ‘ಆದರೂ’ದ ಕೊನೆಯ ‘ರೂ’. ಪಕ್ಕದಲ್ಲಿ, ‘ಬಡವರು ಸಾಮಾನ್ಯವಾಗಿ ಏನಾಗಿರುತ್ತಾರೆ ಅಂತ ನಿಮ್ಮ ಲೆಕ್ಕ?’

ತುಂಬಾ ಹೊತ್ತು ಆ ಪುಟ ಮುಂದಿಟ್ಟುಕೊಂಡು ಕೂತಿದ್ದೆ. ಕೋಪ ಬಂತು. ಹೊಗಳಲು ಬರೆದ ಸಾಲಲ್ಲವೇ ಅದು! ಆಮೇಲೆ ನನ್ನ ಹಳೆಯ ಫೈಲುಗಳನ್ನು ತೆಗೆದು ಹುಡುಕಿದೆ. ‘ಎರಡು ಮಕ್ಕಳ ತಾಯಿಯಾದರೂ’, ‘ಹೆಚ್ಚು ಓದಿಲ್ಲದಿದ್ದರೂ’, ‘ವಯಸ್ಸು ಎಪ್ಪತ್ತಾದರೂ’. ಹೊಗಳಿದಲ್ಲೆಲ್ಲ ಒಂದು ‘ರೂ’. ಬೈಗುಳದ ಪಟ್ಟಿ ಇಟ್ಟುಕೊಂಡ ಯಂತ್ರಕ್ಕೆ ಇದು ಸಿಗುವ ಮಾತೇ ಇಲ್ಲ, ಯಾಕೆಂದರೆ ಇದರಲ್ಲಿ ಕೆಟ್ಟ ಪದವೇ ಇಲ್ಲ.

ವರದಿಯಲ್ಲಿ ಇನ್ನೂ ಫಜೀತಿ. ಓದುಗರು ಎಣಿಸಿದ್ದರು. ಆಡಳಿತದವರ ಮಾತಿಗೆ ನಾನು ಬಳಸಿದ್ದು ‘ಸ್ಪಷ್ಟಪಡಿಸಿದರು’, ‘ವಿವರಿಸಿದರು’, ‘ತಿಳಿಸಿದರು’. ಕೆಲಸಗಾರರ ಮಾತಿಗೆ ‘ಆರೋಪಿಸಿದರು’, ‘ದೂರಿದರು’, ‘ಹೇಳಿಕೊಂಡರು’. ‘ಸ್ಪಷ್ಟಪಡಿಸಿದರು’ ಅಂದಮೇಲೆ ಅವರು ಹೇಳಿದ್ದು ನಿಜ ಅಂತ ನಾನೇ ಮುದ್ರೆ ಒತ್ತಿದಂತೆ. ‘ಹೇಳಿಕೊಂಡರು’ ಅಂದಮೇಲೆ ಓದುವವರು ಅರ್ಧ ನಂಬುವುದಿಲ್ಲ. ಓಡಿಸಿಬಿಟ್ಟಿದ್ದ ಆ 9 ಮೈಲಿ ನನ್ನ ವರದಿಯಲ್ಲೇ ಬಂದು ಕೂತಿತ್ತು. ವ್ಯವಸ್ಥಾಪಕರು ‘ಬಂದರು’, ಗೇಟಿನ ಕಾವಲುಗಾರ ‘ಬಂದ’. ತಲೆಬರಹದಲ್ಲಿದ್ದ ‘ಗಲಾಟೆ’ಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ನಾನೇ ಬರೆದ ಸಾಲಿನ ಪ್ರಕಾರ ಕೆಲಸಗಾರರು ಎರಡು ಗಂಟೆ ಸುಮ್ಮನೆ ಗೇಟಿನ ಹೊರಗೆ ಕೂತಿದ್ದರು. ಕೂತವರು ಗಲಾಟೆ ಮಾಡಿದ್ದು ಹೇಗೆ?

‘ಮೂವರು ಕೆಲಸಗಾರರನ್ನು ಪಾಳಿ ಬದಲಾವಣೆಯ ಬಗ್ಗೆ ಕೇಳಿದಾಗ ತೊಂದರೆಯೇನೂ ಇಲ್ಲ ಎಂದರು’ ಅಂತ ಇನ್ನೊಂದು ಕಡೆ ಬರೆದಿದ್ದೆ. ಪದ ಪದವೂ ಸತ್ಯ. ಪಕ್ಕದಲ್ಲಿ ಒಂದೇ ಸಾಲಿನ ಟಿಪ್ಪಣಿ: ‘ಈ ಮೂವರ ನಂಬರ್ ನಿಮಗೆ ಕೊಟ್ಟವರು ಯಾರು?’

ಕೊಟ್ಟದ್ದು ಆಡಳಿತ ಕಚೇರಿ.

ಇದಕ್ಕೆ ಉತ್ತರ ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು? ರಾತ್ರಿ ಪಾಳಿಯ ಇನ್ನಿಬ್ಬರ ನಂಬರ್ ಹುಡುಕಿ ಫೋನ್ ಮಾಡಿದೆ. ಒಬ್ಬರು ಮಾತಾಡಲು ಒಪ್ಪಲಿಲ್ಲ. ಇನ್ನೊಬ್ಬರು ನಲವತ್ತು ನಿಮಿಷ ಮಾತಾಡಿದರು. ವರದಿ ಅರ್ಧಕ್ಕರ್ಧ ಬದಲಾಯಿತು.

37ರಲ್ಲಿ ಎಲ್ಲವನ್ನೂ ಒಪ್ಪಿದೆ ಅಂತಲ್ಲ. ವ್ಯವಸ್ಥಾಪಕರನ್ನು ನಾನು ‘ಖಡಕ್ ಮನುಷ್ಯ’ ಅಂದದ್ದು ಪೂರ್ವಗ್ರಹ ಅಂತ ಗುರುತಿತ್ತು. ನಾಲ್ಕು ಸಲ ಭೇಟಿಯಾಗಿ, ನೋಡಿ ಬರೆದದ್ದು ಅದು. ನೋಡಿದ್ದನ್ನೂ ಬರೆಯಬಾರದು ಅಂದರೆ ಬರಹ ಸಪ್ಪೆಯಾಗುತ್ತದೆ. ಓದುಗರಿಗೆ ಹಾಗೆಂದೆ. ‘ಹಾಗಾದರೆ ಕಂಡ ಒಂದು ಘಟನೆ ಬರೆಯಿರಿ, ವಿಶೇಷಣ ಬಿಡಿ’ ಅಂದರು. ಒಪ್ಪಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಆ ಪದ ಸದ್ಯಕ್ಕೆ ಅಲ್ಲೇ ಇದೆ.

ಒಂದು ಸ್ಟಾರ್ ಕಡಿತ ಸಾಫ್ಟ್‌ವೇರಿಗೆ. ಸೇರುವವರಿದ್ದರೆ ಓದುಗರ ಭಾಗವನ್ನಷ್ಟೇ ಬಿಡಿಯಾಗಿ ಕೇಳಿ. ಪುಟದಲ್ಲಿ ಎಲ್ಲೂ ಹಾಕಿಲ್ಲ, ಆದರೆ ನಾನು ಎರಡನೆಯ ಸಲ ಕೇಳಿದಾಗ ಕೊಟ್ಟರು. ಕೆಲಸ ಒಪ್ಪಿಸುವ ತಾರೀಖಿಗೆ ಮುಂಚೆ ಒಂದು ವಾರ ಕೈಯಲ್ಲಿ ಇಟ್ಟುಕೊಂಡೇ ಕಳಿಸಿ. ಆರು ದಿನ ಅವರು ಓದಲು ಬೇಕು, ಒಂದು ದಿನ ನಿಮ್ಮ ಸಿಟ್ಟು ಇಳಿಯಲು.