ಮಣ್ಣಿನ ಟ್ರ್ಯಾಕಿಗೆ ಮೊಳೆಯ ಶೂ: ಮೂರು ಜೋಡಿ, ಒಂದು ಮಳೆಗಾಲ

ಕಳೆದ ವರ್ಷ ಶಾಲೆ ಶುರುವಾದ ಕೆಲವೇ ದಿನಗಳಲ್ಲಿ ನಮ್ಮ ಪ್ರೌಢಶಾಲೆಯ ಓಟಗಾರರಿಗಾಗಿ ಮೂರು ಜೋಡಿ ಸ್ಪೈಕ್ಸ್ ಶೂಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಜೋಡಿಗೆ 2,900 ರೂಪಾಯಿ. ಎರಡು ಜೋಡಿಯ ಹಣವನ್ನು ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಮೂರನೆಯದು ನನ್ನ ಕೈಯಿಂದ ಹೋಯಿತು. ವಿರಾಜಪೇಟೆಯ ಕಡೆಯ ಒಂದು ಸಣ್ಣ ಶಾಲೆಯ ದೈಹಿಕ ಶಿಕ್ಷಕನಾದ ನಾನು ಈ ಶೂಗಳನ್ನು ಒಂದು ಇಡೀ ಮಳೆಗಾಲ ಮತ್ತು ನಾಲ್ಕು ಕ್ರೀಡಾಕೂಟಗಳಲ್ಲಿ ಮಕ್ಕಳ ಕಾಲಲ್ಲಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ದರದ ಶೂಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಣ್ಣವೊಂದನ್ನು ಬಿಟ್ಟು ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ನಾನು ಹೇಳಲಿರುವ ಗುಣದೋಷಗಳೂ ಬಹುಪಾಲು ಈ ಬಗೆಯ ಶೂವಿಗೇ ಸೇರಿದವು.

ಕೊಡಗಿನಲ್ಲಿ ಸ್ಪೈಕ್ಸ್ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ನಮ್ಮದು ಹಾಕಿಯ ಜಿಲ್ಲೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಹಾಕಿ ಉತ್ಸವದಲ್ಲಿ ಈಗ ನೂರಾರು ಕುಟುಂಬಗಳ ತಂಡಗಳು ಆಡುತ್ತವೆ, ಹಾಗಾಗಿ ಮನೆಯಲ್ಲಿ ಒಂದು ಹಾಕಿ ಸ್ಟಿಕ್ಕು, ಒಂದು ಜೋಡಿ ಸ್ಟಡ್ ಶೂ ಇರುವುದು ವಿಶೇಷವೇನಲ್ಲ. ಓಟಕ್ಕೆ ಬರುವ ಮಕ್ಕಳು ಅದೇ ಶೂವನ್ನು ಹಾಕಿಕೊಂಡು ಬರುತ್ತಾರೆ, ಅದೂ ಇಲ್ಲದ, ತೋಟದ ಕೆಲಸಗಾರರ ಲೈನ್ ಮನೆಗಳ ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಶಾಲಾ ಕ್ರೀಡಾಕೂಟಗಳೆಲ್ಲ ಆಗಸ್ಟಿನಿಂದ ಆಚೆಗೆ ನಡೆಯುವುದರಿಂದ, ಅವುಗಳ ತಯಾರಿಯೆಲ್ಲ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಕೊಡವ ತಿಂಗಳ, ಮಳೆಯಲ್ಲೇ ಆಗಬೇಕು. ಮೈದಾನದ ಕೆಂಪು ಮಣ್ಣು ಆಗ ಬೆಣ್ಣೆಯಂತಾಗಿರುತ್ತದೆ, ಅಂಚಿನ ಹುಲ್ಲಿನಲ್ಲಿ ಜಿಗಣೆ ಕಾಯುತ್ತಿರುತ್ತದೆ, ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಪ್ರಾರ್ಥನೆ ಮುಗಿಯುವಷ್ಟರಲ್ಲಿ ತೊಳೆದುಹೋಗಿರುತ್ತದೆ. ಇಂಥಲ್ಲಿ 200 ಮೀಟರ್ ಓಟದ ತಿರುವಿನಲ್ಲಿ ಮಗುವೊಂದು ಪೂರ್ತಿ ವೇಗದಲ್ಲಿ ಬರುವಾಗ ನನ್ನ ಕಣ್ಣು ಗಡಿಯಾರದ ಮೇಲಿರುವುದಿಲ್ಲ, ಅದರ ಹಿಮ್ಮಡಿಯ ಮೇಲಿರುತ್ತದೆ.

ಶೂವನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಮಕ್ಕಳಿಗೆ ಆಶ್ಚರ್ಯವಾದದ್ದು ಅದರ ತೂಕ. ಹಾಕಿ ಶೂ ಹಿಡಿದು ಅಭ್ಯಾಸವಾದ ಕೈಗೆ ಇದು ಖಾಲಿ ಡಬ್ಬಿಯಂತೆ ಅನ್ನಿಸುತ್ತದೆ. ಮೇಲ್ಭಾಗ ತೆಳುವಾದ ಜಾಲರಿ ಬಟ್ಟೆ, ಪಾದದ ಮುಂಭಾಗದ ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ, ಅದರಲ್ಲಿ ಏಳು ಮೊಳೆಗಳಿಗೆ ತಿರುಪಿನ ತೂತು. ಹಿಮ್ಮಡಿಯಲ್ಲಿ ಮೊಳೆಯೂ ಇಲ್ಲ, ಮೆತ್ತೆಯೂ ಇಲ್ಲವೆಂಬಷ್ಟು ತೆಳು, ಏಕೆಂದರೆ ಸ್ಪ್ರಿಂಟ್ ಓಡುವವರು ಮುಂಗಾಲಿನ ಮೇಲೇ ಓಡಬೇಕು. ಇದನ್ನು ಹಾಕಿಕೊಂಡು ನಿಧಾನವಾಗಿ ಜಾಗಿಂಗ್ ಮಾಡಿದರೆ ಮೀನಖಂಡ ನೋಯುತ್ತದೆ, ಸಿಮೆಂಟಿನ ಜಗಲಿಯ ಮೇಲೆ ನಡೆದರೆ ಮೊಳೆಯ ತುದಿ ಸವೆಯುತ್ತದೆ. ಎರಡನ್ನೂ ಮೊದಲ ದಿನವೇ ಹೇಳಿದ್ದೆ, ಎರಡೂ ಮೊದಲ ವಾರವೇ ನಡೆದವು.

ಈ ಶೂವಿನ ನಿಜವಾದ ಪರೀಕ್ಷೆ ಮೊಳೆಯಲ್ಲಿದೆ, ಕೊಳ್ಳುವವರು ಕಡೆಗಣಿಸುವುದೂ ಅದನ್ನೇ. ಪೆಟ್ಟಿಗೆಯಲ್ಲಿ ಬಂದದ್ದು 6 ಮಿಲಿಮೀಟರ್ ಉದ್ದದ ಉಕ್ಕಿನ ಮೊಳೆಗಳು. ಇವು ರಬ್ಬರಿನಂಥ ಹಾಸಿನ ಸಿಂಥೆಟಿಕ್ ಟ್ರ್ಯಾಕಿಗಾಗಿ ಮಾಡಿದವು. ಅಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಂತೆ ಓಟಕ್ಕೆ 9 ಮಿಲಿಮೀಟರಿಗಿಂತ ಉದ್ದದ ಮೊಳೆ ಹಾಕುವಂತಿಲ್ಲ, ಒಂದು ಶೂವಿಗೆ ಹನ್ನೊಂದಕ್ಕಿಂತ ಹೆಚ್ಚು ಮೊಳೆಯೂ ಇರುವಂತಿಲ್ಲ. ನಮ್ಮ ಕೆಸರಿಗೆ 6 ಮಿಲಿಮೀಟರ್ ಏನೇನೂ ಸಾಲದು. ಮೊದಲ ಮಳೆಯಲ್ಲೇ ಮಣ್ಣು ಮೊಳೆಗಳ ನಡುವೆ ಕೂತು ಅಡಿಯೆಲ್ಲ ನುಣ್ಣಗಿನ ಉಂಡೆಯಾಯಿತು, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸ್ಟಾರ್ಟಿನಲ್ಲೇ ಜಾರಿ ಮೊಣಕಾಲು ತರಚಿಕೊಂಡಳು. ಬಳಿಕ 12 ಮಿಲಿಮೀಟರಿನ ಮೊಳೆಗಳನ್ನು ಬೇರೆಯಾಗಿ ತರಿಸಿದೆ. ಗೋಣಿಕೊಪ್ಪಲಿನಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಅವು ಸಿಗಲಿಲ್ಲ, ಮೈಸೂರಿಗೆ ಹೋಗುವವರೊಬ್ಬರ ಕೈಯಲ್ಲಿ ಹೇಳಿಕಳಿಸಬೇಕಾಯಿತು. ಅವನ್ನು ಹಾಕಿದ ಮೇಲೆ ಬಂದ ಬದಲಾವಣೆಯನ್ನು ನೆಲದ ಮೇಲೇ ಓದಬಹುದಿತ್ತು: ಮೊದಲು ತಿರುವಿನಲ್ಲಿ ಒಂದು ಗೇಣು ಉದ್ದ ಎಳೆದ ಗೀರುಗಳಿದ್ದ ಜಾಗದಲ್ಲಿ ಈಗ ಏಳೇಳು ಚುಕ್ಕೆಗಳ ಅಚ್ಚು ಒತ್ತೊತ್ತಾಗಿ ಬಿದ್ದಿರುತ್ತಿತ್ತು.

ಆದರೆ ಉಕ್ಕಿನ ಮೊಳೆಗೂ ಕೊಡಗಿನ ತೇವಕ್ಕೂ ಆಗಿಬರುವುದಿಲ್ಲ. ಮೂರು ವಾರ ಬಿಚ್ಚದೆ ಬಿಟ್ಟ ಒಂದು ಜೋಡಿಯಲ್ಲಿ ನಾಲ್ಕು ಮೊಳೆಗಳು ತುಕ್ಕು ಹಿಡಿದು ತಿರುಪಿನಲ್ಲೇ ಕಚ್ಚಿಕೊಂಡವು. ಮೊಳೆ ತಿರುಗಿಸಿ ಬಿಚ್ಚಲು ಜೊತೆಯಲ್ಲಿ ಕೊಟ್ಟ ಸಣ್ಣ ಕೀಲಿಯ ಹಲ್ಲು ಮೆತ್ತಗಿನ ಲೋಹದ್ದು, ಮೊದಲನೆಯ ಹಟಮಾರಿ ಮೊಳೆಗೇ ಸೋತು ಬಾಗಿತು. ಕಡೆಗೆ ಜೀಪು ರಿಪೇರಿಯವರ ಹತ್ತಿರ ಒಯ್ದು ಎಣ್ಣೆ ಬಿಟ್ಟು, ಇಕ್ಕಳದಲ್ಲಿ ಹಿಡಿದು ತೆಗೆಸಿದೆ. ಆಮೇಲಿಂದ ತಿರುಪಿಗೆ ಒಂದಿಷ್ಟು ಗ್ರೀಸ್ ಸವರಿಯೇ ಮೊಳೆ ಹಾಕುತ್ತೇವೆ, ಪ್ರತಿ ಶನಿವಾರ ಬಿಚ್ಚಿ ಒರೆಸಿ ಎಣಿಸಿ ಡಬ್ಬಿಗೆ ಹಾಕುತ್ತೇವೆ. ಕೀಲಿಯ ವಿಷಯದಲ್ಲಿ ತಯಾರಕರು ತೋರಿದ ಜಿಪುಣತನ ನನಗೆ ಇಂದಿಗೂ ಕೋಪ ತರಿಸುತ್ತದೆ.

ವೇಗ ಹೆಚ್ಚಿತೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಅಳೆಯುವ ಸಾಧನ ನನ್ನಲ್ಲಿಲ್ಲ. ಸ್ಟಾರ್ಟಿನಲ್ಲಿ ಜಾರಿದ್ದ ಆ ಹುಡುಗಿಯ 100 ಮೀಟರ್ ಸಮಯ ನನ್ನ ಸ್ಟಾಪ್‌ವಾಚಿನಲ್ಲಿ 14.4ರಿಂದ 14.1ಕ್ಕೆ ಇಳಿಯಿತು. ಆದರೆ ಕೈಯಲ್ಲಿ ಒತ್ತಿದ ಸಮಯಕ್ಕೂ ವಿದ್ಯುನ್ಮಾನ ಯಂತ್ರದ ಸಮಯಕ್ಕೂ 100 ಮೀಟರಿನಲ್ಲಿ ಸುಮಾರು 0.24 ಸೆಕೆಂಡು ಅಂತರವೆಂದು ಲೆಕ್ಕ ಹಿಡಿಯುವ ರೂಢಿಯಿದೆ, ಅಂದರೆ ನನ್ನ ಹೆಬ್ಬೆರಳಿನ ಚುರುಕೋ ಜಡತ್ವವೋ ಆ ಗಳಿಕೆಯ ಬಹುಪಾಲನ್ನು ನುಂಗಬಲ್ಲದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚಿನ ಪದಕ ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಅಂಥ ಅಂತರವನ್ನು ನನ್ನ ಗಡಿಯಾರ ಕನಸಿನಲ್ಲೂ ಕಾಣದು. ಆದ್ದರಿಂದ ಶೂವಿನಿಂದ ಇಷ್ಟೇ ವೇಗ ಬಂತು ಎಂದು ನಾನು ಬರೆದುಕೊಡಲಾರೆ. ಜಾರುವ ಭಯ ಹೋದ ಮೇಲೆ ಮಕ್ಕಳು ತಿರುವಿನಲ್ಲಿ ಹೆಜ್ಜೆ ಚಿಕ್ಕದು ಮಾಡುವುದನ್ನು ಬಿಟ್ಟರು ಎಂಬುದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ಇದಕ್ಕೆ ಎದುರು ವಾದವನ್ನು ತಂದವನು ನನ್ನದೇ ಎಂಟನೆಯ ತರಗತಿಯ ಹುಡುಗ. "ಸಾರ್, ಕಂಬಳದ ಶ್ರೀನಿವಾಸ ಗೌಡರು ಬರಿಗಾಲಲ್ಲೇ ಉಸೇನ್ ಬೋಲ್ಟ್‌ಗಿಂತ ಜೋರಾಗಿ ಓಡಿದ್ರಲ್ಲ, ನಮಗೆ ಶೂ ಯಾಕೆ?" ಎಂದ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಅವರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದ್ದು ನಿಜ. ಅದನ್ನು ಭಾಗಿಸಿ 100 ಮೀಟರಿಗೆ 9.55 ಎಂದು ಸುದ್ದಿಯಾದದ್ದೂ ನಿಜ. ಕೋಣಗಳ ಹಿಂದೆ ಹಗ್ಗ ಹಿಡಿದು ಓಡುವಾಗ ಅವುಗಳ ಎಳೆತ ಓಟಗಾರನನ್ನು ಮುಂದಕ್ಕೆ ಒಯ್ಯುತ್ತದೆ, ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡು ಓಡಿದಾಗ ಎದುರಿಗೆ ಎಳೆಯುವವರು ಯಾರೂ ಇರಲಿಲ್ಲ ಎಂದು ವಿವರಿಸಿದೆ. ಹುಡುಗ ಒಪ್ಪಿದನೋ ಬಿಟ್ಟನೋ ತಿಳಿಯದು. ಅದೇ ಬೋಲ್ಟ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಒಂದು ಶೂವಿನ ಲೇಸು ಬಿಚ್ಚಿಕೊಂಡಿದ್ದರೂ 9.69ರಲ್ಲಿ ಗೆದ್ದ ಸಂಗತಿಯನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನದಿಂದ ನಮ್ಮ ಮೈದಾನದಲ್ಲಿ ಯಾರೂ ಲೇಸು ಕಟ್ಟುತ್ತಿರಲಿಲ್ಲ.

ಹೇಳಿದ್ದು ಹಿಮಾ ದಾಸ್ ಅವರ ಕತೆಯನ್ನು. ಅಸ್ಸಾಮಿನ ಹಳ್ಳಿಯ ರೈತ ಕುಟುಂಬದ ಅವರು ಆರಂಭದ ದಿನಗಳಲ್ಲಿ ತಂದೆ ತಂದುಕೊಟ್ಟ ಸಾಮಾನ್ಯ ಸ್ಪೈಕ್ಸ್ ಮೇಲೆ ತಮ್ಮ ಕೈಯಿಂದಲೇ ಅಡಿಡಾಸ್ ಎಂದು ಬರೆದುಕೊಂಡಿದ್ದರೆಂದು ಅವರೇ ಹೇಳಿಕೊಂಡಿದ್ದಾರೆ. 2018ರ ಜುಲೈಯಲ್ಲಿ ಫಿನ್ಲೆಂಡಿನ ತಾಂಪೆರೆಯಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟದ 400 ಮೀಟರನ್ನು 51.46 ಸೆಕೆಂಡಿನಲ್ಲಿ ಗೆದ್ದ ಮೇಲೆ ಅದೇ ಕಂಪನಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ನಮ್ಮವರದೇ ಹೆಸರು ಬೇಕೆಂದರೆ ದೂರ ಹೋಗಬೇಕಾಗಿಲ್ಲ. 1980ರ ದಶಕದಲ್ಲಿ ಉಷಾ ಅವರನ್ನೇ ಓಟದಲ್ಲಿ ಹಿಂದಿಕ್ಕಿ, 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಶ್ವಿನಿ ನಾಚಪ್ಪ ಗೋಣಿಕೊಪ್ಪಲಿನ ಬಳಿಯೇ ಕ್ರೀಡೆಗೆ ಒತ್ತು ಕೊಡುವ ಶಾಲೆ ನಡೆಸುತ್ತಾರೆ. ಕೊಡಗಿನ ಮೂಲದ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡಗಳಲ್ಲಿದ್ದರು. ಕತೆ ಕೇಳಿದ ಮಾರನೆಯ ದಿನ ನಮ್ಮ ಒಂದು ಜೋಡಿಯ ಮೇಲೆ ನೀಲಿ ಪೆನ್ನಿನಲ್ಲಿ ಅಡಿಡಾಸ್ ಗುರುತಿನ ಮೂರು ಪಟ್ಟೆಗಳು ಮೂಡಿದ್ದವು. ಬೈಯಲು ಮನಸ್ಸಾಗಲಿಲ್ಲ.

ಬಾಳಿಕೆಯ ಬಗ್ಗೆ ಒಂದು ದೂರಿದೆ, ಅರ್ಧ ತಪ್ಪು ನಮ್ಮದು. ಮಳೆಯಲ್ಲಿ ನೆನೆದ ಶೂವನ್ನು ಒಬ್ಬ ಹುಡುಗ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ, ಮೆಣಸು ಒಣಗಿಸುವ ಜಾಗದಲ್ಲೇ, ರಾತ್ರಿಯಿಡೀ ಇಟ್ಟಿದ್ದ. ಬೆಳಿಗ್ಗೆ ಅಂಟು ಬಿಟ್ಟು ಅಡಿಯ ತಟ್ಟೆ ಮೊಸಳೆಯ ಬಾಯಿಯಂತೆ ತೆರೆದುಕೊಂಡಿತ್ತು. ಪೇಟೆಯ ಚಮ್ಮಾರರು ಸುತ್ತಲೂ ಹೊಲಿದುಕೊಟ್ಟರು. ಶೂ ಉಳಿಯಿತು, ಬಳುಕು ಹೋಯಿತು, ಈಗ ಅದನ್ನು ಉದ್ದ ಜಿಗಿತದವರಿಗೆ ಕೊಟ್ಟಿದ್ದೇವೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಒಳಗೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ, ಗಾಳಿಯಾಡುವ ಜಾಗದಲ್ಲಿ ಇಡುವುದೊಂದೇ ಸರಿಯಾದ ದಾರಿ. ಉಳಿದೆರಡು ಜೋಡಿಗಳ ಜಾಲರಿ ಬಟ್ಟೆ ಕಿರುಬೆರಳಿನ ಬಳಿ ಸ್ವಲ್ಪ ಪಿಸಿದಿದೆ, ಅಷ್ಟೇ.

ಅಳತೆಯಲ್ಲಿ ಎಚ್ಚರ ಬೇಕು. ಈ ಶೂ ಪಾದಕ್ಕೆ ಅಂಟಿ ಕೂರುವಂತೆ ಮಾಡಿದ್ದು, ಮಾಮೂಲಿ ನಂಬರನ್ನೇ ತರಿಸಿದರೆ ಬಿಗಿ. ಬರಿಗಾಲಲ್ಲಿ ಬೆಳೆದ ಮಕ್ಕಳ ಪಾದ ಮುಂದೆ ಅಗಲವಾಗಿರುವುದರಿಂದ ನಾನು ಅರ್ಧ ನಂಬರು ದೊಡ್ಡದು ತರಿಸಬೇಕಿತ್ತು. ಮೂರು ಜೋಡಿಯನ್ನು ಒಂಬತ್ತು ಮಕ್ಕಳು ಹಂಚಿಕೊಳ್ಳುವುದೂ ತಯಾರಕರ ಲೆಕ್ಕದಲ್ಲಿಲ್ಲದ ಸಂಗತಿ, ಒಂದೇ ಕೂಟದಲ್ಲಿ 100 ಮೀಟರ್ ಹೀಟ್ಸ್ (ಮೊದಲ ಸುತ್ತಿನ ಓಟ) ಮುಗಿಸಿದವಳು ಗೆರೆ ದಾಟಿದ ಕೂಡಲೇ ಕೂತು ಶೂ ಬಿಚ್ಚಿ ಮುಂದಿನ ಹೀಟ್ಸ್‌ನವಳ ಕೈಗೆ ಕೊಡುತ್ತಾಳೆ.

ವಿಭಾಗ ಮಟ್ಟದ ಕೂಟ ಸಿಂಥೆಟಿಕ್ ಟ್ರ್ಯಾಕಿನಲ್ಲಿತ್ತು. ಹಿಂದಿನ ಸಂಜೆ ವಸತಿಗೃಹದ ಮೆಟ್ಟಿಲ ಮೇಲೆ ಕೂತು 12ರ ಮೊಳೆಗಳನ್ನು ಬಿಚ್ಚಿ 6ರವನ್ನು ಹಾಕಿದೆವು, ಏಕೆಂದರೆ ಓಟಕ್ಕೆ ಮುಂಚೆ ಓಟಗಾರರನ್ನು ಸೇರಿಸುವ ಕಾಲ್ ರೂಮಿನಲ್ಲಿ ಅಧಿಕಾರಿಗಳು ಶೂ ತಿರುಗಿಸಿ ನೋಡುತ್ತಾರೆ. ಒಂಬತ್ತನೆಯ ತರಗತಿಯ ಆ ಹುಡುಗಿ ನಾಲ್ಕನೆಯವಳಾದಳು. ಅವಳ ಅಕ್ಕಪಕ್ಕದ ಲೇನುಗಳಲ್ಲಿ ಇದ್ದ ಶೂಗಳು ನಮ್ಮದರ ನಾಲ್ಕೈದು ಪಟ್ಟು ಬೆಲೆಯವು ಎಂದು ಯಾರೋ ಹೇಳಿದರು, ಅವಳು ಸೋತದ್ದು ಅದರಿಂದಲ್ಲ, ಓಟ ಶುರುಮಾಡುವಾಗ ಪಾದ ಒತ್ತಿ ಚಿಮ್ಮುವ ಸ್ಟಾರ್ಟಿಂಗ್ ಬ್ಲಾಕಿನ ಅಭ್ಯಾಸವೇ ಇಲ್ಲದ್ದರಿಂದ.

ಆ ಕಾರಣಕ್ಕೆ, ಮಣ್ಣಿನ ಮೈದಾನದಲ್ಲಿ ಓಡಿಸುವ ಶಿಕ್ಷಕರಿಗೂ ಪೋಷಕರಿಗೂ ಈ ದರದ ಶೂ ಸಾಕೆಂದೇ ನನ್ನ ಅಭಿಪ್ರಾಯ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಅರ್ಧ ಅಂಕವನ್ನು ಆ ಕೀಲಿಗಾಗಿಯೇ ಕಳೆದಿದ್ದೇನೆ. ಶೂವಿನ ಜೊತೆಗೇ 9 ಮತ್ತು 12 ಮಿಲಿಮೀಟರಿನ ಮೊಳೆಗಳನ್ನೂ ಗಟ್ಟಿಯಾದ ಒಂದು ಕೀಲಿಯನ್ನೂ ತರಿಸಿಕೊಳ್ಳಿ. ನಮ್ಮ ಡಬ್ಬಿಯಲ್ಲಿ ಈಗ ಮೂವತ್ತೊಂಬತ್ತು ಉದ್ದದ ಮೊಳೆಗಳಿವೆ, ಇರಬೇಕಾದದ್ದು ನಲವತ್ತೆರಡು. ಉಳಿದ ಮೂರನ್ನು ಮೈದಾನದ ತಿರುವಿನಲ್ಲಿ ಹುಡುಕುವ ಕೆಲಸ ಬೇಸಿಗೆಗೆ ಇಟ್ಟಿದ್ದೇವೆ.